ಕೆಂಪು ಪಟ್ಟಿ, ನೀಲಿ ಪಟ್ಟಿ

ನನಗೆ ಸಕ್ಕರೆ ಕಾಯಿಲೆ ಇದೆ. ದಿನಕ್ಕೆ ಎರಡು ಸಲ ತೊಡೆಗೆ ಇನ್ಸುಲಿನ್ ಸೂಜಿ ಚುಚ್ಚಿಕೊಳ್ಳುತ್ತೇನೆ. ಎಷ್ಟೋ ವರ್ಷ ಇದನ್ನು ಕಳ್ಳತನದಂತೆ ಮಾಡಿದೆ. ಬಾಗಿಲು ಹಾಕಿಕೊಂಡು, ಕಿಟಕಿಗೆ ಪಂಚೆ ಕಟ್ಟಿಕೊಂಡು. ಈಗ ನಡುಮನೆಯಲ್ಲಿ ಕೂತು ಚುಚ್ಚಿಕೊಳ್ಳುತ್ತೇನೆ. ಬಂದವರು ನೋಡಲಿ, ನೋಡಲಾರದವರು ಆಚೆ ತಿರುಗಲಿ. ಇದನ್ನು ಬರೆಯುತ್ತಿರುವುದೂ ಅದೇ ಹಟದಿಂದ. ಮುಚ್ಚಿಟ್ಟದ್ದರಿಂದ ನಾನು ಸಾಯುವುದರಲ್ಲಿದ್ದೆ. ನನಗಿಂತ ಒಳ್ಳೆಯ ಮನುಷ್ಯನೊಬ್ಬನನ್ನು ಕೊಲ್ಲುವುದರಲ್ಲಿದ್ದೆ.

ನಾನು ಮುಳಬಾಗಿಲಿನ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಬೆಂಗಳೂರಿನಲ್ಲಿ ಬಿ.ಎಸ್‌ಸಿ. ಓದಿದವನು. ಮನೆಯಲ್ಲಿ ನಾವು ಆಡುವುದು ದಖನಿ ಉರ್ದು. ಇಲ್ಲಿ ಅಮ್ಮನ ಮಾತನ್ನೂ ಮಾಮೂವಿನ ಮಾತನ್ನೂ ಕನ್ನಡಕ್ಕೆ ತಿರುಗಿಸಿಯೇ ಬರೆದಿದ್ದೇನೆ. ಮಾಮೂ ಎಂದರೆ ಅಮ್ಮನ ಅಣ್ಣ. ಮಾಲೂರಿನಲ್ಲಿ ಅವರದೊಂದು ಮಂಡಿ. ಅಪ್ಪ ತೀರಿಹೋದ ಮೇಲೆ ನಮ್ಮನ್ನು ಸಾಕಿದವರು, ನನ್ನನ್ನು ಓದಿಸಿದವರು ಅವರು. ಅವರ ಮುಂದೆ ನಾನು ಕಾಲ ಮೇಲೆ ಕಾಲು ಹಾಕಿ ಕೂತವನಲ್ಲ.

ಕೆಲಸಕ್ಕೆ ಸೇರಿದ ಎರಡನೇ ವರ್ಷ ಬಾಯಾರಿಕೆ ಶುರುವಾಯಿತು. ಒಂದು ಗಡಿಗೆ ನೀರು ಬೆಳಗಾಗುವಷ್ಟರಲ್ಲಿ ಬರಿದು. ಮೈಮೇಲಿನ ಮಾಂಸ ಕರಗಿ ಷರಟಿನ ಕಾಲರಿನೊಳಗೆ ಕತ್ತು ಅಲ್ಲಾಡುತ್ತಿತ್ತು. ಮೊದಲು ಕಂಡುಹಿಡಿದವಳು ಅಮ್ಮ. ನಾನು ಮೂತ್ರ ಮಾಡಿದ ಬಚ್ಚಲಿನ ಮೂಲೆಗೆ ಇರುವೆ ಸಾಲು ಕಟ್ಟಿದ್ದನ್ನು ನೋಡಿ, ಸೆರಗಿನ ತುದಿ ಬಾಯಿಗಿಟ್ಟುಕೊಂಡು ನಿಂತಿದ್ದಳು. ಅವಳ ತಂದೆ ಇದೇ ಕಾಯಿಲೆಯಲ್ಲಿ ಹೋದವರು. ಮರುದಿನ ನನ್ನ ತೋಳಿಗೆ ತಾಯಿತ ಕಟ್ಟಿದಳು. ಅದು ಈಗಲೂ ಇದೆ, ತೆಗೆದಿಲ್ಲ. ತಾಯಿತ ನನ್ನ ಸಕ್ಕರೆಯ ಬಗ್ಗೆ ಯಾವ ಮಾತನ್ನೂ ಕೊಟ್ಟಿರಲಿಲ್ಲ, ಹಾಗಾಗಿ ಅದರ ಮೇಲೆ ನನಗೆ ದೂರಿಲ್ಲ.

ಕೋಲಾರದಲ್ಲಿ ಒಬ್ಬ ವಯಸ್ಸಾದ ಡಾಕ್ಟರರಿದ್ದರು. ಖಾಸಗಿ ದವಾಖಾನೆ. ಎಲ್ಲರೂ ಅವರನ್ನು ರಾಯರು ಎನ್ನುತ್ತಿದ್ದರು. ನನ್ನ ಮೂತ್ರವನ್ನು ಒಂದು ನೀಲಿ ದ್ರಾವಣಕ್ಕೆ ಹಾಕಿ ಸ್ಪಿರಿಟ್ ದೀಪದ ಮೇಲೆ ಕಾಯಿಸಿದರು. ನೀಲಿ ಹೋಗಿ ಇಟ್ಟಿಗೆಯ ಕೆಂಪು ಬಂತು. "ಮೇಷ್ಟ್ರೇ, ಇದು ಬಿಟ್ಟು ಹೋಗೋ ಕಾಯಿಲೆ ಅಲ್ಲ. ಆದ್ರೆ ಔಷಧ ಬಿಡದೇ ಇದ್ರೆ ನೀವೂ ಬಿಟ್ಟು ಹೋಗೋದಿಲ್ಲ," ಎಂದರು. ಸಿರಿಂಜಿನ ಮೇಲೆ ಉಗುರಿಟ್ಟು ತೋರಿಸಿದರು: "ಈ ಗೆರೆವರೆಗೆ. ಬೆಳಿಗ್ಗೆ ಒಂದ್ಸಲ, ಸಾಯಂಕಾಲ ಒಂದ್ಸಲ. ಚುಚ್ಚಿಕೊಂಡ ಮೇಲೆ ತಡ ಮಾಡದೆ ಊಟ."

ಅಲ್ಲಿಂದ ತಿಂಗಳಿಗೊಮ್ಮೆ ಬಸ್ಸಿನಲ್ಲಿ ಕೋಲಾರಕ್ಕೆ ಹೋಗಿ ಸೀಸೆಗಳನ್ನು ತರುವುದು ರೂಢಿಯಾಯಿತು. ಸೀತಾರಾಮಯ್ಯನವರು ಸಿಕ್ಕಿದ್ದು ಅಲ್ಲಿನ ಬೆಂಚಿನ ಮೇಲೆ. ಶ್ರೀನಿವಾಸಪುರದ ಒಂದು ಕಚೇರಿಯಲ್ಲಿ ಗುಮಾಸ್ತರು, ನನಗಿಂತ ಹತ್ತು ವರ್ಷ ದೊಡ್ಡವರು, ಹಣೆಯ ತುಂಬ ವಿಭೂತಿ. ನನ್ನ ಕೈಯಲ್ಲಿದ್ದ ಸೀಸೆ ನೋಡಿ ಅವರೇ ಮಾತಾಡಿಸಿದರು.

"ಏನ್ ಸಾಬ್ರೇ, ನಿಮಗೂ ಸಿಹೀನಾ?"

"ಹೌದು ಸ್ವಾಮಿ."

"ಒಳ್ಳೇದಾಯ್ತು, ಬನ್ನಿ ಕೂತ್ಕೊಳ್ಳಿ. ಇಲ್ಲಿ ಬಾಕಿ ಜನಕ್ಕೆಲ್ಲ ಬರೀ ಕೆಮ್ಮು. ಮಾತಾಡೋಕೆ ಒಬ್ಬರೂ ಗತಿ ಇರ್ಲಿಲ್ಲ."

ಕಾಯಿಲೆ ಬಂದಾಗಿನಿಂದ ನಾನು ಗಟ್ಟಿಯಾಗಿ ನಕ್ಕದ್ದು ಅದೇ ಮೊದಲು. ಆಮೇಲೆ ನಾವು ಒಂದೇ ದಿನ ಗೊತ್ತುಮಾಡಿಕೊಂಡು ಬರುತ್ತಿದ್ದೆವು. ಸೂಜಿ ಮೊಂಡಾದರೆ ಯಾವ ಕಲ್ಲಿನ ಮೇಲೆ ಉಜ್ಜಬೇಕು, ಸೀಸೆಯನ್ನು ಬೇಸಿಗೆಯಲ್ಲಿ ಹೊಸ ಮಡಕೆಯ ಪಕ್ಕ ಹೇಗೆ ಇಡಬೇಕು, ಮದುವೆಮನೆಯಲ್ಲಿ ಹೋಳಿಗೆ ಬಡಿಸಲು ಬಂದಾಗ ಎಲೆಯ ಮೇಲೆ ಹೇಗೆ ಕೈ ಅಡ್ಡ ಹಿಡಿಯಬೇಕು, ಎಲ್ಲ ಕಲಿಸಿದವರು ಅವರು. ಡಾಕ್ಟರು ಇದ್ಯಾವುದನ್ನೂ ಹೇಳಿರಲಿಲ್ಲ.

ಜರ್ಮನಿಯ ಯುದ್ಧ ಬಂತು. ಔಷಧದ ಸರಬರಾಜು ಏರುಪೇರಾಯಿತು. ಒಂದು ತಿಂಗಳು ಬಂದ ಡಬ್ಬಿ ಇನ್ನೊಂದು ತಿಂಗಳು ಬರುತ್ತಿರಲಿಲ್ಲ. ಅದೇ ಹೊತ್ತಿಗೆ ಮಾಲೂರಿನಿಂದ ಮಾಮೂ ಬಂದರು. ಮಂಡಿಗೆ ಬಂದ ಯಾರೋ ಅವರಿಗೆ ಹೇಳಿದ್ದರಂತೆ, ಈ ಔಷಧವನ್ನು ಹಂದಿಯ ಹೊಟ್ಟೆಯೊಳಗಿನ ಗ್ರಂಥಿಯಿಂದ ತೆಗೆಯುತ್ತಾರೆ ಎಂದು.

"ನಿಜಾನಾ?" ಎಂದರು.

"ಇರಬಹುದು ಮಾಮೂ. ಕೆಲವಕ್ಕೆ ದನ, ಕೆಲವಕ್ಕೆ ಹಂದಿ ಅಂತ ಓದಿದ್ದೀನಿ."

"ಹಂದೀದಾದ್ರೆ ಹರಾಮು. ಎಲ್ಲಾ ಆಲಿಮರೂ ಒಂದೇ ಮಾತು ಹೇಳ್ತಾರೆ ಬೇಟಾ. ಅದನ್ನ ಮೈಯೊಳಗೆ ಬಿಟ್ಕೊಂಡು ನಮಾಜಿಗೆ ನಿಂತ್ಕೋತೀಯಾ? ನಕ್ಕೋ, ಬೇಡ. ಬಿಟ್ಟುಬಿಡು."

ಯಾವ ಆಲಿಮರು, ಅಂದರೆ ಯಾವ ಧರ್ಮಪಂಡಿತರು, ಎಲ್ಲಿ ಹೇಳಿದರು ಎಂದು ನಾನು ಕೇಳಲಿಲ್ಲ. ನಮ್ಮ ಬೀದಿಯ ಕೊನೆಯಲ್ಲೇ ಮಸೀದಿ, ಅಲ್ಲೇ ಮೌಲ್ವಿ ಸಾಹೇಬರ ಮನೆ. ದಿನಕ್ಕೆ ಎರಡು ಸಲ ಅವರಿಗೆ ಸಲಾಮು ಹೇಳಿಕೊಂಡೇ ಶಾಲೆಗೆ ಹೋಗಿಬರುತ್ತಿದ್ದೆ. ಅವರನ್ನೂ ಕೇಳಲಿಲ್ಲ. ಅವರು ಏನು ಹೇಳುತ್ತಾರೆಂದು ನನಗೆ ಗೊತ್ತಿದೆ ಎಂದುಕೊಂಡಿದ್ದೆ. ಕೇಳಿ ಇಲ್ಲ ಅನ್ನಿಸಿಕೊಳ್ಳುವುದಕ್ಕಿಂತ ಕೇಳದೇ ಇರುವುದು ವಾಸಿ ಎನ್ನಿಸಿತ್ತು. ಓದಿದವರ ಹೇಡಿತನ ಹೀಗೇ ಇರುತ್ತದೆ.

ಮುಂದಿನ ಸಲ ಬೆಂಚಿನ ಮೇಲೆ ಕೂತು ಸೀತಾರಾಮಯ್ಯನವರಿಗೆ ಹೇಳಿದೆ. ಅವರ ಮುಖ ಸಣ್ಣಗಾಯಿತು. "ದನದ್ದೂ ಇರತ್ತಾ?" ಎಂದರು. ಅವರ ತಂದೆ ಶಾಸ್ತ್ರಿಗಳು. ಸುತ್ತಲ ಊರುಗಳಲ್ಲಿ ಧರ್ಮದ ಸಂದೇಹ ಬಂದರೆ ಜನ ಗಾಡಿ ಕಟ್ಟಿಕೊಂಡು ಅವರ ಹತ್ತಿರ ಬರುತ್ತಿದ್ದರು.

ಇಬ್ಬರೂ ಒಳಗೆ ಹೋಗಿ ರಾಯರನ್ನು ಕೇಳಿದೆವು. ಅವರು ಕನ್ನಡಕ ತೆಗೆದು ಮೂಗು ಉಜ್ಜಿಕೊಂಡರು.

"ನನಗೆ ಗೊತ್ತಿಲ್ಲ. ದನದ್ದಿರಬಹುದು, ಹಂದೀದಿರಬಹುದು, ಎರಡೂ ಬೆರೆಸಿರಬಹುದು. ನಿಲ್ಲಿಸಿದ್ರೆ ಏನಾಗತ್ತೆ ಅನ್ನೋದು ಗೊತ್ತು. ಅದರಲ್ಲಿ ನಾನು, ಬೆಂಗಳೂರಿನೋರು, ಮದರಾಸಿನೋರು, ಎಲ್ಲಾ ಡಾಕ್ಟರುಗಳದ್ದೂ ಒಂದೇ ಮಾತು. ನಿಲ್ಲಿಸಬೇಡಿ."

ಆಚೆ ಬಂದಾಗ ಔಷಧ ಕೊಡುವ ಕಿಟಕಿಯಲ್ಲಿ ಕಾಂಪೌಂಡರ್ ದೊರೆಸ್ವಾಮಿ ನಗುತ್ತಿದ್ದ. ಎಲ್ಲ ಕೇಳಿಸಿಕೊಂಡಿದ್ದ.

"ಡಾಕ್ಟರಿಗೆ ಗೊತ್ತಿರಲ್ಲ ಸಾರ್. ಡಬ್ಬಿ ಒಡೆಯೋದು ನಾನು. ಇಪ್ಪತ್ತು ವರ್ಷ ಸರ್ವಿಸ್ಸು. ಕೆಂಪು ಪಟ್ಟಿ ಇದ್ರೆ ದನ, ನೀಲಿ ಪಟ್ಟಿ ಇದ್ರೆ ಹಂದಿ. ಇಷ್ಟೂ ತಿಳಿಯಲ್ವಾ ಓದಿದೋರಿಗೆ?"

ನಾವು ಕೈಯಲ್ಲಿದ್ದ ಡಬ್ಬಿಗಳನ್ನು ನೋಡಿಕೊಂಡೆವು. ನನ್ನವು ನೀಲಿ. ಅವರವು ಕೆಂಪು.

"ಶಿವ ಶಿವಾ," ಎಂದರು ಸೀತಾರಾಮಯ್ಯ. "ನಮ್ಮ ನಾಯ್ನಗೆ ಗೊತ್ತಾದ್ರೆ ಮನೆ ಹೊಸಲು ತುಳಿಸಲ್ಲ." ನಾಯ್ನ ಎಂದರೆ ತಂದೆ; ಅವರ ಮನೆಮಾತು ತೆಲುಗು. ಆಮೇಲೆ ನನ್ನ ಡಬ್ಬಿಗಳನ್ನು ನೋಡಿದರು. "ಸಾಬ್ರೇ, ನಿಮಗೆ ದನ ಆಗತ್ತೆ, ಅಲ್ವಾ?"

"ಆಗತ್ತೆ ಸ್ವಾಮಿ. ನಿಮಗೆ ಹಂದಿ?"

"ಆಗತ್ತೆ ಅಂತಲ್ಲ. ಆದ್ರೆ ಹಸು ಆಗೋದೇ ಇಲ್ಲ. ಕೊಡಿ ಇತ್ಲಾಗೆ."

ಒಂದು ತಿಂಗಳ ಡಬ್ಬಿಗಳನ್ನು ಬೆಂಚಿನ ಮೇಲೆ ಜೋಡಿಸಿ ಅದಲು ಬದಲು ಮಾಡಿಕೊಂಡೆವು. "ಹಿಂದೂ ಮುಸ್ಲಿಂ ಏಕತೆ ಅಂತ ಭಾಷಣ ಮಾಡ್ತಾರಲ್ಲ, ಅವರು ಬಂದು ನೋಡ್ಬೇಕು," ಎಂದು ಸೀತಾರಾಮಯ್ಯ ಚೀಲದ ಬಾಯಿ ಕಟ್ಟಿದರು. ಕೆಮ್ಮಿನವರೂ ನಕ್ಕರು.

ಇದನ್ನು ಬರೆಯುವಾಗ ಕೈ ನಿಲ್ಲುತ್ತದೆ. ಆ ಬೆಂಚು ನನ್ನ ಕಣ್ಣ ಮುಂದೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಪ್ರತಿ ಸಲವೂ ನಾನು ಡಬ್ಬಿಯನ್ನು ತಿರುಗಿಸಿ ಅದರ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ಓದುತ್ತೇನೆ. ನಿಜವಾಗಿ ಓದಲಿಲ್ಲ. ಆ ಕೋಣೆಯಲ್ಲಿ ಓದಬಲ್ಲವರು ನಾವಿಬ್ಬರೇ ಇದ್ದೆವು. ಇಬ್ಬರೂ ಪಟ್ಟಿಯ ಬಣ್ಣ ನೋಡಿದೆವು.

ಹಳೆಯ ಸೀಸೆಯಲ್ಲಿ ಔಷಧ ಉಳಿದಿದ್ದರಿಂದ ನಾನು ಕೆಂಪು ಪಟ್ಟಿಯ ಡಬ್ಬಿ ತೆರೆದಾಗ ಎಂಟು ದಿನ ಕಳೆದಿತ್ತು. ಜೂನ್ ತಿಂಗಳು, ಶಾಲೆ ಆಗಷ್ಟೇ ತೆರೆದಿತ್ತು. ಬೆಳಿಗ್ಗೆ ಯಾವಾಗಲೂ ಎಳೆಯುವ ಗೆರೆಯವರೆಗೆ ಎಳೆದು ಚುಚ್ಚಿಕೊಂಡೆ, ರಾಗಿ ರೊಟ್ಟಿ ತಿಂದೆ, ಹೋದೆ. ದನದ್ದು ಎಂಬ ನೆಮ್ಮದಿಯೂ ಇತ್ತು.

ಎರಡನೇ ಪೀರಿಯಡ್ಡಿನಲ್ಲಿ ಕರಿಹಲಗೆಯ ಮೇಲೆ ಬರೆಯುತ್ತಿದ್ದೆ. ಸುಣ್ಣದ ಕಡ್ಡಿ ಬೆರಳಿನಿಂದ ಜಾರಿತು. ಬಗ್ಗಿ ಎತ್ತಿಕೊಂಡೆ, ಮತ್ತೆ ಜಾರಿತು. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಹೊಟ್ಟೆಯಲ್ಲಿ ಎಂಥದೋ ಹಸಿವು. ಹಲಗೆಯ ಮೇಲೆ ನಾನೇ ಬರೆದ ಪದ ನನಗೇ ಓದಲು ಬರಲಿಲ್ಲ. ವಿದ್ಯಾರ್ಥಿಗಳು ನಗುತ್ತಿದ್ದಾರೆ ಎನ್ನಿಸಿ ಕೂಗಾಡಿದೆ; ಏನು ಕೂಗಿದೆನೆಂದು ಗೊತ್ತಿಲ್ಲ. ಆಮೇಲೆ ನೆಲ ಕೆನ್ನೆಗೆ ತಣ್ಣಗೆ ತಾಗಿದ್ದು ಗೊತ್ತು. ಡ್ರಿಲ್ ಮೇಷ್ಟ್ರು ಮೇಲಿನಿಂದ "ಹಗಲೇ ಕುಡಿದು ಬಂದವ್ನೆ ಕಣ್ರೀ, ನೋಡಿ," ಅಂದದ್ದೂ ಗೊತ್ತು. ಅಲ್ಲ ಎನ್ನಲು ನಾಲಿಗೆ ಹೊರಳಲಿಲ್ಲ. ಸಾಯುತ್ತಿದ್ದೇನೆ ಎಂಬ ಹೆದರಿಕೆಗಿಂತ ಕುಡುಕನೆಂದು ಸಾಯುತ್ತಿದ್ದೇನಲ್ಲ ಎಂಬ ಉರಿ ದೊಡ್ಡದಾಗಿತ್ತು.

ನನ್ನ ಕಾಯಿಲೆಯನ್ನು ಶಾಲೆಯಲ್ಲಿ ಒಬ್ಬರಿಗೆ ಮಾತ್ರ ಹೇಳಿದ್ದೆ, ಕನ್ನಡ ಪಂಡಿತರಿಗೆ. ಬೇಕೆಂದು ಹೇಳಿದ್ದಲ್ಲ. ಸಂಕ್ರಾಂತಿಯಲ್ಲಿ ಅವರು ಕೊಟ್ಟ ಎಳ್ಳುಬೆಲ್ಲ ತಿನ್ನದೆ ಅವರಿಗೆ ನೋವು ಮಾಡಿದ್ದೆ, ಅದಕ್ಕೆ ಕಾರಣ ಕೊಡಬೇಕಾಯಿತು. ಆಗ, ಎಂದಾದರೂ ನಾನು ಬೆವೆತು ಬಿದ್ದರೆ ಬೆಲ್ಲ ಕೊಡಿ ಎಂದೂ ತಮಾಷೆಗೆ ಅಂದಿದ್ದೆ. ಅವರು ಮರೆತಿರಲಿಲ್ಲ. ಎದುರಿನ ಅಂಗಡಿಯಿಂದ ಅಚ್ಚುಬೆಲ್ಲ ತರಿಸಿ, ತಾವೇ ನೆಲದ ಮೇಲೆ ಕೂತು, ನನ್ನ ತಲೆಯನ್ನು ತಮ್ಮ ಮಡಿಲಲ್ಲಿಟ್ಟುಕೊಂಡು, ಬೆಲ್ಲ ಪುಡಿ ಮಾಡಿ ಕೆನ್ನೆಯ ಒಳಗೆ ತಿಕ್ಕಿದರು. ಯಾರ ಮನೆಯಲ್ಲೂ ನೀರು ಮುಟ್ಟದ ಮನುಷ್ಯ ಅವರು. ಅವರ ಬೆರಳು ನನ್ನ ಬಾಯಿಯೊಳಗೆ.

"ನುಂಗ್ರೀ ಮೇಷ್ಟ್ರೇ, ನುಂಗಿ. ಇವತ್ತು ಬೇಡ ಅನ್ನಂಗಿಲ್ಲ."

ಅರ್ಧ ಗಂಟೆಯಲ್ಲಿ ಎದ್ದು ಕೂತೆ. ಲೋಕ ಮತ್ತೆ ಅದರ ಜಾಗಕ್ಕೆ ಬಂತು. ಮನೆಗೆ ಹೋದೆ. ಆ ಸಂಜೆ ಚುಚ್ಚಿಕೊಳ್ಳಲು ಧೈರ್ಯ ಬರಲಿಲ್ಲ. ಮರುದಿನ ಮೊದಲ ಬಸ್ಸಿಗೆ ಸೀಸೆಯನ್ನು ಜೇಬಿನಲ್ಲಿಟ್ಟುಕೊಂಡು ಕೋಲಾರಕ್ಕೆ ಹೊರಟೆ.

ರಾಯರು ಸೀಸೆಯನ್ನು ಬೆಳಕಿಗೆ ಹಿಡಿದರು. ಡಬ್ಬಿಯನ್ನು ನೋಡಿದರು. ನನ್ನನ್ನು ನೋಡಿದರು.

"ಇದನ್ನ ನಾನು ನಿಮಗೆ ಕೊಟ್ಟಿಲ್ಲ."

ಹೇಳಿದೆ. ದನ, ಹಂದಿ, ಪಟ್ಟಿ, ಎಲ್ಲ. ಹೇಳುತ್ತಾ ಹೇಳುತ್ತಾ ಮಾತು ಸಣ್ಣಗಾಯಿತು.

"ಮೇಷ್ಟ್ರೇ, ಇದನ್ನ ಓದಿ," ಎಂದು ಬೆರಳಿಟ್ಟರು. ನಲವತ್ತು ಎಂದಿತ್ತು. ನನ್ನ ನೀಲಿ ಪಟ್ಟಿಯ ಡಬ್ಬಿಯ ಮೇಲೆ ಇಪ್ಪತ್ತು ಎಂದು ಇತ್ತಂತೆ. ಬಣ್ಣ ಹೇಳುತ್ತಿದ್ದದ್ದು ಪ್ರಾಣಿಯನ್ನಲ್ಲ, ಔಷಧ ಎಷ್ಟು ಗಟ್ಟಿ ಎಂಬುದನ್ನು. ಅಷ್ಟೇ ನೀರಿನಲ್ಲಿ ಕೆಂಪು ಪಟ್ಟಿಯದರಲ್ಲಿ ಎರಡರಷ್ಟು ಔಷಧ. ನಾನು ಹಳೆಯ ಗೆರೆಯವರೆಗೇ ಎಳೆದು, ಎರಡರಷ್ಟನ್ನು ಚುಚ್ಚಿಕೊಂಡಿದ್ದೆ.

ಅದೇ ವರ್ಷ ನಾನು ನನ್ನ ತರಗತಿಯಲ್ಲಿ ಎರಡು ಲೋಟಗಳನ್ನಿಟ್ಟು, ಒಂದಕ್ಕೆ ಒಂದು ಚಮಚ ಉಪ್ಪು, ಇನ್ನೊಂದಕ್ಕೆ ಎರಡು ಚಮಚ ಹಾಕಿ, ನೋಡಲು ಎರಡೂ ಒಂದೇ, ಆದರೆ ಒಂದೇ ಅಲ್ಲ ಎಂದು ಪಾಠ ಮಾಡಿದ್ದೆ.

ನಾಚಿಕೆ ಪಡಲು ಹೊತ್ತಿರಲಿಲ್ಲ. ರಾಯರು ಎದ್ದು ನಿಂತಿದ್ದರು. "ನಿಮಗೆ ಎರಡರಷ್ಟು ಹೋಯ್ತು. ಹಾಗಾದ್ರೆ ಸೀತಾರಾಮಯ್ಯನಿಗೆ?"

ಅರ್ಧ. ಅಂದೇ ಡಬ್ಬಿ ತೆರೆದಿದ್ದರೆ, ಒಂಬತ್ತು ದಿನದಿಂದ ಅರ್ಧ.

ರಾಯರು ಚೀಲ ತೆಗೆದುಕೊಂಡು ನನ್ನ ಜೊತೆಗೇ ಬಸ್ ನಿಲ್ದಾಣಕ್ಕೆ ಬಂದರು. ಪೆಟ್ರೋಲು ಸಿಗದ ಕಾಲ. ಬಸ್ಸಿನ ಹಿಂದೆ ಇದ್ದಿಲಿನ ಒಲೆ ಕಟ್ಟಿ, ಅದರ ಹೊಗೆಯಿಂದ ಓಡಿಸುತ್ತಿದ್ದರು. ಶ್ರೀನಿವಾಸಪುರದ ದಾರಿಯ ಪ್ರತಿ ಏರಿನಲ್ಲೂ ಅದು ನಿಲ್ಲುತ್ತಿತ್ತು, ಕಂಡಕ್ಟರ್ "ಗಂಡಸ್ರು ಇಳೀರಪ್ಪಾ" ಅನ್ನುತ್ತಿದ್ದ. ಅರವತ್ತು ದಾಟಿದ ರಾಯರೂ ಇಳಿದು ಚೀಲವನ್ನು ಕಂಕುಳಲ್ಲಿಟ್ಟುಕೊಂಡು ಬಸ್ಸಿಗೆ ಹೆಗಲು ಕೊಟ್ಟರು. ನಾನು ಅಳುತ್ತಾ ತಳ್ಳಿದೆ. ಬೆವರಿನಲ್ಲಿ ಅದು ಯಾರಿಗೂ ಕಾಣಲಿಲ್ಲ.

ಮತ್ತೆ ಹತ್ತಿ ಕೂತಾಗ ಸಿಟ್ಟಿನಿಂದಲೇ ಅಂದೆ: "ನೀವು ಯಾವುದೋ ಒಂದು ಪ್ರಾಣಿ ಹೇಳಿಬಿಟ್ಟಿದ್ರೆ ನಾವು ದೊರೆಸ್ವಾಮಿ ಮಾತು ಕೇಳ್ತಾನೇ ಇರ್ಲಿಲ್ಲ."

"ಗೊತ್ತಿಲ್ಲದ್ದನ್ನ ಹೇಗ್ರೀ ಹೇಳ್ಲಿ?" ಎಂದರು. "ಆದ್ರೆ ನನ್ನ ತಪ್ಪೂ ಇದೆ. ಗೆರೆ ತೋರಿಸಿದೆ, ಸಂಖ್ಯೆ ತೋರಿಸಲಿಲ್ಲ. ನಿಮ್ಮಂಥೋರಿಗೆ ಹೇಳ್ಬೇಕಾ ಅಂದ್ಕೊಂಡೆ. ಹೇಳ್ಬೇಕಿತ್ತು."

ನನಗೆ ಆಗ ತಿಳಿದದ್ದು ಇದು. ಆ ದಿನ ಇಬ್ಬರು ನಮಗೆ ಉತ್ತರ ಕೊಟ್ಟಿದ್ದರು. ತನ್ನ ತಿಳಿವಳಿಕೆ ಎಲ್ಲಿಗೆ ಮುಗಿಯುತ್ತದೆ ಎಂದು ಹೇಳಿದವರನ್ನು ಬಿಟ್ಟು, ಎಲ್ಲವೂ ಗೊತ್ತು ಎಂದವನನ್ನು ನಂಬಿದ್ದೆವು. ಅವನ ಉತ್ತರ ನಮಗೆ ಬೇಕಾದ ಉತ್ತರವಾಗಿತ್ತು, ಅದಕ್ಕೆ.

ಮಧ್ಯಾಹ್ನದ ಹೊತ್ತಿಗೆ ಸೀತಾರಾಮಯ್ಯನವರ ಮನೆ ಮುಟ್ಟಿದೆವು. ಹಜಾರದ ತುಂಬ ಹುಲ್ಲಿನ ಮೇಲೆ ಮಾವಿನಹಣ್ಣು ಹರಡಿದ್ದರು. ಮನೆಯೆಲ್ಲ ಅದರದೇ ವಾಸನೆ. ಅವರ ಹೆಂಡತಿ ಲಕ್ಷ್ಮಿದೇವಮ್ಮ ಬಾಗಿಲಿಗೆ ಬಂದರು. ಕಣ್ಣು ಊದಿತ್ತು.

"ನಾಲ್ಕು ದಿನದಿಂದ ಜ್ವರ ಡಾಕ್ಟ್ರೇ. ಬರೀ ನೀರು ನೀರು ಅಂತಿದ್ರು. ಉಷ್ಣ ಅಂದ್ಕೊಂಡು ಮಜ್ಜಿಗೆ ಕೊಟ್ವಿ, ಎಳನೀರು ಕೊಟ್ವಿ. ನಿನ್ನೆಯಿಂದ ಕೂಗಿದ್ರೆ ಊಂ ಅಂತಾರೆ, ಕಣ್ಣು ಬಿಡಲ್ಲ. ಸೂಜಿ ಮಾತ್ರ ತಪ್ಪಿಸಿಲ್ಲ, ನಾನೇ ಚುಚ್ಚಿದೀನಿ."

ರಾಯರು ಒಳಕೋಣೆಗೆ ಹೋದರು. ನಾನು ಹೊಸಲಿನ ಆಚೆ ನಿಂತೆ. ಆ ಮನೆಯಲ್ಲಿ ನನ್ನ ಜಾಗ ಜಗಲಿ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಲಕ್ಷ್ಮಿದೇವಮ್ಮ ತಿರುಗಿ ನೋಡಿ, ತಮ್ಮ ತೆಲುಗಿನಲ್ಲೇ ಕರೆಯುತ್ತಾ, "ರಂಡಿ, ಲೋಪಲಿಕಿ ರಂಡಿ. ನೀವೇ ಆ ಸಾಬ್ರಲ್ವಾ? ನಿಮ್ಮ ಮಾತೇ ಆಡ್ತಿರ್ತಾರೆ. ಒಳಗೆ ಬನ್ನಿ," ಎಂದರು.

ಸೀತಾರಾಮಯ್ಯ ಚಾಪೆಯ ಮೇಲೆ ಮಲಗಿದ್ದರು. ಬೆಟ್ಟ ಹತ್ತಿ ಬಂದವರಂತೆ ಉಸಿರು ಆಳವಾಗಿ ಏರಿ ಇಳಿಯುತ್ತಿತ್ತು. ಕೆನ್ನೆಯ ಮೂಳೆ ಎದ್ದಿತ್ತು. ರಾಯರು ಅವರ ಬಾಯಿಯ ಹತ್ತಿರ ಬಗ್ಗಿ ಮೂಸಿ ನೋಡಿದರು. "ಇವರು ಹಣ್ಣು ತಿಂದರಾ?"

"ಇಲ್ಲ. ಒಂದು ಹೋಳೂ ಮುಟ್ಟಿಲ್ಲ."

"ಕೊಳೆತ ಹಣ್ಣಿನ ವಾಸನೆ ಇವರ ಉಸಿರಿಂದ ಬರ್ತಿದೆ ತಾಯಿ. ಮನೆ ತುಂಬ ಹಣ್ಣಿದೆ, ನಿಮಗೆ ಗೊತ್ತಾಗಿಲ್ಲ." ಅವರು ಆಗಲೇ ಸೂಜಿ ಕುದಿಸಲು ಹೇಳಿದ್ದರು.

ಆಗ ಹಿತ್ತಿಲಿನ ಕಡೆಯಿಂದ ಶಾಸ್ತ್ರಿಗಳು ಬಂದರು. ತೆಳ್ಳಗೆ, ನೆಟ್ಟಗೆ, ಬರಿಮೈ. ನನ್ನನ್ನು ನೋಡಿದರು. ಸೂಜಿಯನ್ನು ನೋಡಿದರು. ಈ ಮನುಷ್ಯ ಈಗ ಬೇಡ ಅಂದರೆ ಏನು ಮಾಡುವುದು ಎಂದು ಹೆದರಿದೆ. ಬೇಡ ಅಂದರೂ ನಾನೇ ಮುಂದೆ ನುಗ್ಗಿ ಚುಚ್ಚುತ್ತೇನೆ, ಹೊಡೆದರೆ ಹೊಡೆಯಲಿ ಎಂದುಕೊಂಡೆ. ರಾಯರು ಏನನ್ನೂ ಮುಚ್ಚಿಡದೆ ಹೇಳಿದರು. "ಸ್ವಾಮಿ, ಈ ಔಷಧ ಪ್ರಾಣಿಯಿಂದ ಬರೋದು. ಹಸುವಿನದೇ ಇರಬಹುದು. ನಿಮ್ಮ ಮಗ ಅದಕ್ಕೆ ಹೆದರಿ ಡಬ್ಬಿ ಬದಲಾಯಿಸಿಕೊಂಡರು. ಅದರಿಂದ ಹೀಗಾಯ್ತು."

ಶಾಸ್ತ್ರಿಗಳು ಗೋಡೆ ಹಿಡಿದು ಕೂತರು.

"ಯಾರಿಗೆ ಹೆದರಿ?"

ಲಕ್ಷ್ಮಿದೇವಮ್ಮ ಮಾವನ ಕಡೆಗೇ ನೋಡಿದರು.

"ನನಗಾ? ಊರು ಊರಿಂದ ಜನ ಬಂದು ನನ್ನನ್ನ ಕೇಳ್ತಾರೆ. ಪಕ್ಕದ ಕೋಣೇಲಿ ಮಲಗೋ ಮಗ ಕೇಳಲಿಲ್ಲವಾ?" ಅಂಗೈಯಿಂದ ಕಣ್ಣೀರು ಒರೆಸಿಕೊಂಡರು. "ಕೇಳಿದ್ರೆ ಹೇಳ್ತಿದ್ದೆ. ಪ್ರಾಣ ಉಳಿಸೋಕೆ ಕೊಡೋ ಔಷಧ ಊಟ ಅಲ್ಲ. ಬೇರೆ ದಾರಿ ಇಲ್ಲದಾಗ ದೋಷ ಇಲ್ಲ. ಆಚಾರದ ನೂರು ವಿಷಯದಲ್ಲಿ ನಾವು ಶಾಸ್ತ್ರಿಗಳು ಜಗಳ ಆಡ್ತೀವಿ. ಇದರಲ್ಲಿ ನನ್ನ ಗುರುಗಳೂ ಜಗಳ ಆಡಿದ್ದನ್ನ ನಾನು ಕಾಣೆ. ಏಮಯ್ಯಾ ಡಾಕ್ಟರೂ, ಏನು ನೋಡ್ತಿದ್ದೀರಿ? ಚುಚ್ಚಿ!"

ರಾಯರು ಚುಚ್ಚಿದರು. ಗಂಟೆಗೊಮ್ಮೆ ಮತ್ತೆ ಚುಚ್ಚಿದರು. ಲಕ್ಷ್ಮಿದೇವಮ್ಮ ಚಮಚದಿಂದ ಉಪ್ಪುನೀರು ಕುಡಿಸುತ್ತಾ ಹೋದರು. ಮೂತ್ರ ಕಾಯಿಸಿ ಬಣ್ಣ ನೋಡುವ ಕೆಲಸ ನನ್ನದು. ಆ ಮನೆಯ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು, ಸ್ಪಿರಿಟ್ ದೀಪದ ಮೇಲೆ ಗಾಜಿನ ನಳಿಕೆ ಹಿಡಿದು, ಪ್ರತಿ ಸಲ ಇಟ್ಟಿಗೆಯ ಕೆಂಪು ಬರುವುದನ್ನು ನೋಡಿದೆ. ಎರಡನೇ ಸಲ ಕೆಂಪು. ಮೂರನೇ ಸಲ ಕೆಂಪು. ನನ್ನ ಕೈಯಿಂದ ಹೋದ ಡಬ್ಬಿ ಇದನ್ನು ಮಾಡಿದೆ ಎಂಬ ಯೋಚನೆಯನ್ನು ಆಚೆ ತಳ್ಳಲು, ಜೋರಾಗಿ ನಿಮಿಷ ಎಣಿಸುತ್ತಿದ್ದೆ. ಶಾಸ್ತ್ರಿಗಳು ಬಂದು ಪಕ್ಕದಲ್ಲಿ ಕೂತರು. "ಇದು ಯಾವ ಬಣ್ಣ ಆಗ್ಬೇಕು?" ಎಂದರು. "ನೀಲಿ ಉಳೀಬೇಕು ಸ್ವಾಮಿ." ಅಲ್ಲಿಂದ ಅವರೂ ನಳಿಕೆಯಿಂದ ಕಣ್ಣು ತೆಗೆಯಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಕೆಂಪು ಹೋಗಿ ಕಿತ್ತಳೆಯಾಯಿತು. ಶಾಸ್ತ್ರಿಗಳು ನನ್ನ ಮೊಣಕೈ ಗಟ್ಟಿಯಾಗಿ ಹಿಡಿದುಕೊಂಡರು. ದೀಪ ಹಚ್ಚುವಾಗ ಹಳದಿಗೆ ತಿರುಗಿತ್ತು. ಉಸಿರಾಟದ ಸದ್ದು ಕಮ್ಮಿಯಾಗಿತ್ತು. ನಾನು ಒಳಗೆ ಹೋದಾಗ ಸೀತಾರಾಮಯ್ಯ ಕಣ್ಣು ಬಿಟ್ಟಿದ್ದರು. ನನ್ನನ್ನು ಗುರುತಿಸಲು ಸ್ವಲ್ಪ ಹೊತ್ತಾಯಿತು.

"ಸಾಬ್ರೇ," ಎಂದರು, ಒಣಗಿದ ನಾಲಿಗೆಯಲ್ಲಿ. "ನಿಮ್ಮ ಹಂದಿ ನನ್ನನ್ನ ಮಲಗಿಸಿಬಿಡ್ತು."

"ನಿಮ್ಮ ಹಸು ನನ್ನನ್ನ ಮೊನ್ನೇನೇ... ಅಲ್ಲ, ನಿನ್ನೇನೇ ಮಲಗಿಸ್ತು ಸ್ವಾಮಿ. ಹಲಗೆ ಮುಂದೆ, ಮಕ್ಕಳೆದುರಿಗೆ."

ಅವರು ನಗಲು ನೋಡಿದರು. ಲಕ್ಷ್ಮಿದೇವಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು.

ಮುಳಬಾಗಿಲಿಗೆ ಬಂದವನು ಮನೆಗೆ ಹೋಗುವ ಮೊದಲು ಮೌಲ್ವಿ ಸಾಹೇಬರ ಬಾಗಿಲು ತಟ್ಟಿದೆ. ಅವರು ಪೂರ್ತಿ ಕೇಳಿದರು. ಶಾಸ್ತ್ರಿಗಳಂತೆ ಕಣ್ಣೀರು ಹಾಕಲಿಲ್ಲ, ಬೈದರು. "ನಿನ್ನ ಮಾಮೂ ಎಲ್ಲಾ ಆಲಿಮರ ಹೆಸರು ಹೇಳಿದ್ನಾ? ಅವರಲ್ಲಿ ನಾನಿದ್ನಾ? ಜೀವ ಹೋಗೋವಾಗ, ಬೇರೆ ದಾರಿ ಇಲ್ಲದಾಗ, ಹರಾಮಿನ ಬಿಗಿ ಸಡಿಲ ಆಗತ್ತೆ. ನನಗೆ ಕಲಿಸಿದವರಲ್ಲಿ ಇದಕ್ಕೆ ಇಲ್ಲ ಅಂದವರಿಲ್ಲ. ಬೇರೆ ದಾರಿ ಇದೆಯೋ ಇಲ್ಲವೋ ಅನ್ನೋದು ನನ್ನ ವಿದ್ಯೆ ಅಲ್ಲ. ಅದನ್ನ ಡಾಕ್ಟರನ್ನ ಕೇಳು. ಡಾಕ್ಟರ್ ಹಿಂದೂ ಅಂತ ಕೇಳೋಕೆ ಬಂದಿದ್ರೆ, ಅದಕ್ಕೂ ಉತ್ತರ ಇದೆ: ಕೆಲಸ ಬಲ್ಲವನಾ, ಸುಳ್ಳು ಹೇಳದವನಾ, ಅಷ್ಟು ನೋಡು."

ಮೂವರೂ ಒಂದೆಡೆ ಎಂದೂ ಕೂತಿರದ ಡಾಕ್ಟರು, ಶಾಸ್ತ್ರಿಗಳು, ಮೌಲ್ವಿ ಸಾಹೇಬರು ಒಂದೇ ಮಾತು ಹೇಳಿದ್ದರು. ಮೂವರೂ ತಮ್ಮ ವಿದ್ಯೆಯ ಬೇಲಿ ಎಲ್ಲಿದೆ ಎಂದು ತೋರಿಸಿ ಹೇಳಿದ್ದರು. ನಮ್ಮನ್ನು ಸಾವಿನ ಬಾಗಿಲಿಗೆ ಒಯ್ದದ್ದು ಧರ್ಮವೂ ಅಲ್ಲ, ವಿಜ್ಞಾನವೂ ಅಲ್ಲ. ಅವರು ಹೀಗೆ ಹೇಳುತ್ತಾರಂತೆ ಎಂದು ನಾವು ಕೇಳದೆಯೇ ಕಟ್ಟಿಕೊಂಡ ಮಾತು. ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಬಾಗಿಲು ಹಾಕಿಕೊಂಡು ಚುಚ್ಚಿಕೊಳ್ಳುತ್ತಿದ್ದರೆ, ಅಥವಾ ಯಾರದೋ ಮಾತಿಗೆ ನಿಲ್ಲಿಸಿದ್ದರೆ, ದಯವಿಟ್ಟು ಎದ್ದು ಹೋಗಿ ಕೇಳಿ. ಬಲ್ಲವರ ಎದುರಿಗೆ ನಿಂತು, ನಿಮ್ಮ ಬಾಯಿಂದಲೇ. ಅವರು ಬೈದರೂ ಸರಿ. ಡಬ್ಬಿಯ ಮೇಲಿನ ಸಂಖ್ಯೆಯನ್ನೂ ಓದಿ. ನಾನೂ ಸೀತಾರಾಮಯ್ಯನವರೂ ಈಗ ದವಾಖಾನೆಯ ಕಿಟಕಿಯಲ್ಲಿ ಅದನ್ನು ಗಟ್ಟಿಯಾಗಿ ಓದಿಯೇ ಚೀಲಕ್ಕೆ ಹಾಕುವುದು. ದೊರೆಸ್ವಾಮಿಗೆ ಇದು ಸೇರುವುದಿಲ್ಲ. ಸೇರದಿದ್ದರೆ ಬಿಡಲಿ.

ಮಾಮೂ ಆ ವರ್ಷ ಈದಿಗೆ ಬಂದರು. ಅಮ್ಮ ನೆಲದ ಮೇಲೆ ಊಟದ ಬಟ್ಟೆ, ದಸ್ತರಖಾನು, ಹಾಸಿ ಬಿರಿಯಾನಿ ಇಟ್ಟಿದ್ದಳು, ನೆಂಟರೆಲ್ಲ ಸುತ್ತ ಕೂತಿದ್ದರು. ನಾನು ಅಲ್ಲಿಯೇ, ಎಲ್ಲರ ಮುಂದೆ, ಸೀಸೆಯನ್ನು ಬೆಳಕಿಗೆ ಹಿಡಿದು ಸಂಖ್ಯೆ ಓದಿಕೊಂಡು ಗೆರೆಯವರೆಗೆ ಎಳೆದೆ. ತೊಡೆಯ ಮೇಲಿನ ಬಟ್ಟೆ ಸರಿಸಿ ಚುಚ್ಚಿಕೊಂಡೆ.

"ಅದು ಯಾವುದರದ್ದು?" ಎಂದರು ಮಾಮೂ.

"ಗೊತ್ತಿಲ್ಲ ಮಾಮೂ."

"ಕೇಳಿಲ್ವಾ?"

"ಕೇಳಬೇಕಾದ್ದನ್ನ, ಕೇಳಬೇಕಾದವರನ್ನ ಕೇಳಿದೀನಿ. ಇದನ್ನ ಇನ್ನು ಕೇಳೋದಿಲ್ಲ."

"ನಾನು ಓದಿಸಿದ್ದು ಇದಕ್ಕಾ?"

"ಓದಿಸಿದ್ರಿ. ನಾನು ಓದದೇ ಹೋದ ದಿನ ಇಬ್ಬರು ಸಾಯ್ತಿದ್ವಿ."

ಸಿರಿಂಜನ್ನು ತಟ್ಟೆಯ ಪಕ್ಕ ಇಟ್ಟೆ. ಅವರ ಮುಖದಿಂದ ಕಣ್ಣು ತೆಗೆಯಲಿಲ್ಲ. ಮಾಮೂ ಎದ್ದರು. ಟೋಪಿ ಸರಿಮಾಡಿಕೊಂಡು, ಮುಟ್ಟದ ತಟ್ಟೆಯನ್ನು ಹಾಗೇ ಬಿಟ್ಟು, ಜಗಲಿಗೆ ಹೋಗಿ ಬೆನ್ನು ಹಾಕಿ ನಿಂತರು. ಯಾರೂ ಅನ್ನಕ್ಕೆ ಕೈ ಹಾಕಲಿಲ್ಲ. ಹಿರಿಯರು ಎದ್ದು ಹೋದ ಮೇಲೆ ಉಣ್ಣುವ ರೂಢಿ ನಮ್ಮಲ್ಲಿಲ್ಲ.

ಅಮ್ಮ ಅಡಿಗೆಮನೆಯ ಬಾಗಿಲಿನಲ್ಲಿ ನಿಂತಿದ್ದಳು. ಅಣ್ಣನ ಬೆನ್ನನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಬಂದು, ಮಾಮೂ ಬಿಟ್ಟು ಹೋದ ಜಾಗದಲ್ಲಿ ಗಂಡಸರ ನಡುವೆ ತಾನೇ ಕೂತಳು. ತನ್ನ ಕೈಯಿಂದಲೇ ಒಂದು ತುತ್ತು ಕಲಸಿ ನನ್ನ ಬಾಯಿಗಿಟ್ಟಳು.

"ತಿನ್ನು," ಎಂದಳು, ಜಗಲಿಗೂ ಕೇಳುವಂತೆ. "ಸೂಜಿ ಹಾಕ್ಕೊಂಡ ಮೇಲೆ ಯಾರಿಗೂ ಕಾಯೋ ಹಾಗಿಲ್ಲ."